ಕಾವಲು ಮುಸುವನ ಕಣ್ಣು

ಜಿಂಕೆಗಳಿಗೆಲ್ಲ ಕಾವಲಾಗಿ ಮರದ ಮೇಲೆ ಕೂತ ಮುಸುವನಿಗೆ ಎಲೆ ಅಲ್ಲಾಡಿದರೂ ಅದು ಚಿರತೆಯೇ. ಕಣ್ಣು ಬಿಗಿದು ನೋಯತೊಡಗಿದಾಗ ಅವನು ಗೂಬೆ ವೈದ್ಯರ ಬಳಿ ಹೋದ.

“ಸದಾ ಹೆದರುವವನ ಮೈಯಲ್ಲಿ ಭಯದ ರಸ ಏರುತ್ತದೆ. ಅದರೊಂದಿಗೆ ಕಣ್ಣೊಳಗಿನ ಒತ್ತಡವೂ ಏರುತ್ತದೆ. ಹೀಗೇ ಬಿಟ್ಟರೆ ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ. ಸ್ವಲ್ಪ ದಿನ ನಿಶ್ಚಿಂತೆಯಿಂದ ಮಲಗು,” ಎಂದರು ವೈದ್ಯರು.

“ಚೆನ್ನಾಗಿ ಹೇಳಿದಿರಿ! ನಾನು ಮಲಗಿದರೆ ಕಾಡು ಕಾಯುವವರು ಯಾರು?” ಎಂದು ಮುಸುವ ಮತ್ತೆ ಮರ ಹತ್ತಿದ. ಈಗ ಚಿರತೆಯ ಚಿಂತೆಗೆ ಕಣ್ಣಿನ ಚಿಂತೆಯೂ ಸೇರಿತು.

ಕೆಲವು ತಿಂಗಳ ಮೇಲೆ, ಪಕ್ಕದಲ್ಲೇ ಯಾರೋ ಬಂದು ಕೂತದ್ದು ಕೊಂಬೆ ಬಾಗಿದಾಗಷ್ಟೇ ಅವನಿಗೆ ತಿಳಿಯಿತು. ನೆಟ್ಟ ನೋಟ ಕದಲಿಸದೆ ಗದರಿದ: “ಸದ್ದು ಮಾಡಬೇಡಿ, ಚಿರತೆ ಬರುವ ಹೊತ್ತು.”

“ಆಗಲಿ ಅಣ್ಣ,” ಎಂದಿತು ಚಿರತೆ, “ನಾನೂ ಜೊತೆಗೆ ಕಾಯುತ್ತೇನೆ.”