ಬೇಡ ಅನ್ನುವ ಗುಂಡಿ ಕೇಳಿದ ವಿರುಪಣ್ಣ

ಬಹಳ ಹಿಂದೆ, ಕಂಪ್ಯೂಟರಿಗೆ ಎಮ್ಮೆಯಂಥ ದೊಡ್ಡ ಬೆನ್ನಿದ್ದ ಕಾಲದಲ್ಲಿ, ಹೊಳೆಯ ದಂಡೆಯ ಒಂದು ಊರಲ್ಲಿ ವಿರುಪಣ್ಣ ಎಂಬವನಿದ್ದ. ಊರು ಇದೇ, ನಮ್ಮ ಹೊಳೆಗುಡ್ಡ. ಆ ಫೋನು ಕೆಳಗಿಟ್ಟು ಕೇಳುವುದಾದರೆ ಹೇಳುತ್ತೇನೆ. ಇಲ್ಲದಿದ್ದರೆ ಎದ್ದು ಹೋಗಿ ನಿಮ್ಮ ನೂಲು ಸುತ್ತಿಕೊಳ್ಳಿ.

ವಿರುಪಣ್ಣನ ಕಸುಬು ರಟ್ಟಿಗೆ ತೂತು ಹೊಡೆಯುವುದು. ಸೀರೆಯ ಅಂಚಿನಲ್ಲಿ ಹೂವು ಬರಬೇಕಾದರೆ ಮಗ್ಗದ ಮೇಲೆ ರಟ್ಟಿನ ಪಟ್ಟಿಗಳ ಮಾಲೆ ಹಾಕುತ್ತೇವಲ್ಲ, ಅದು. ತೂತಿದ್ದಲ್ಲಿ ದಾರ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಅವನ ಅಪ್ಪ ಹೊಡೆದಿದ್ದ, ಅಜ್ಜ ಹೊಡೆದಿದ್ದ, ಇವನೂ ಹೊಡೆದ. ಕಂಪ್ಯೂಟರು ಅವನಿಗೆ ಕಸುಬಲ್ಲ, ಹುಚ್ಚು. ಇದರೊಳಗೂ ತೂತು ಇದೆ, ತೂತು ಇಲ್ಲ, ಅಷ್ಟೇ, ಬೇರೇನೂ ಇಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟನಂತೆ. ಊರಿನ ಯಾರ ಮನೆಯ ಪೆಟ್ಟಿಗೆ ಕೆಟ್ಟರೂ ಅವನೇ ಬರಬೇಕು. ಕಿವಿಯಿಟ್ಟು ಕೇಳಿ ರೋಗ ಹೇಳುತ್ತಿದ್ದನಂತೆ. ಅಕ್ಕಸಾಲಿಗರ ತಿದಿ ತಂದು ಧೂಳು ಊದುತ್ತಿದ್ದನಂತೆ. ಸತ್ತ ಕಂಪ್ಯೂಟರು ಅವನ ಬೈಗುಳಕ್ಕೆ ಹೆದರಿ ಎದ್ದು ಕೂರುತ್ತಿತ್ತು ಎಂದೂ ಹೇಳುತ್ತಾರೆ. ಇದನ್ನು ಮಾತ್ರ ನಾನು ನಂಬುತ್ತೇನೆ, ಯಾಕೆಂದರೆ ಅವನ ಬಾಯಿ ಹಾಗಿತ್ತು.

ಅವನ ಬೈಗುಳ ಪೆಟ್ಟಿಗೆಗಲ್ಲ, ಪೆಟ್ಟಿಗೆ ಮಾಡಿದವರಿಗೆ. ಬರೆಯುವ ಪ್ರೋಗ್ರಾಮು ಹೊಸದಾದಾಗಲೆಲ್ಲ ಗುಂಡಿಗಳು ಜಾಗ ಬದಲಿಸುತ್ತಿದ್ದವು. ಮೇಲಿದ್ದದ್ದು ಪಕ್ಕಕ್ಕೆ, ಪಕ್ಕದ್ದು ಇನ್ನೆಲ್ಲೋ ಒಳಗೆ. ಬೆಳಗ್ಗೆ ಏಳುವಷ್ಟರಲ್ಲಿ ಮನೆಯ ಒಲೆ ಬೇರೆ ಗೋಡೆಗೆ ಹೋಗಿ ಕೂತರೆ ರೊಟ್ಟಿ ಬಡಿಯುವವಳು ಏನು ಮಾಡಬೇಕು ಎಂದು ಕೂಗುತ್ತಿದ್ದನಂತೆ. ಒಂದು ಸಾಲು ಟೈಪು ಮಾಡುವ ಯಂತ್ರಕ್ಕೆ ಏಳುವುದಕ್ಕೇ ಇಷ್ಟು ಹೊತ್ತು ಯಾಕೆ ಬೇಕು, ಒಳಗೆ ಅದೇನು ಶೃಂಗಾರ ಮಾಡಿಕೊಳ್ಳುತ್ತಿದೆಯೇ ಎಂದು ಕೇಳುತ್ತಿದ್ದನಂತೆ. ಜನ ನಗುತ್ತಿದ್ದರು. ವಿರುಪಣ್ಣನಿಗೆ ಹೊಸದೆಂದರೆ ಆಗಿಬರುವುದಿಲ್ಲ ಎನ್ನುತ್ತಿದ್ದರು. ಸುಳ್ಳು! ಹೊಸದನ್ನು ಊರಿಗೆ ತಂದವನೇ ಅವನು. ತನ್ನನ್ನು ಕೇಳದೆ ತನ್ನ ಮನೆಯೊಳಗೆ ಕೈಹಾಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ಇನ್ನು ತುಳಸವ್ವನ ಮಾತು. ಬಣ್ಣಗಾರರ ಮನೆಯ ಸೊಸೆ. ಊರಿನ ಅರ್ಧ ಮಗ್ಗಗಳಿಗೆ ನೂಲು ಅವಳ ಹಂಡೆಯಲ್ಲಿ ಅದ್ದಿಯೇ ಹೋಗಬೇಕು. ಅವಳ ಮಾವ ಸಾಯುವ ಮುಂಚೆ ನಲವತ್ತೊಂದು ಬಣ್ಣಗಳ ಪಾಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಪಟಕ ಎಷ್ಟು, ಅಳಲೆಕಾಯಿ ಎಷ್ಟು, ಯಾವುದು ಕುದಿಯಬೇಕು, ಯಾವುದು ಕುದಿಯಬಾರದು ಎಲ್ಲ. ದಾಳಿಂಬೆಬೀಜ, ಗಿಣಿಹಸಿರು, ನವಿಲಗೊರಳು. ಕೊನೆಯದು ಮಾಗಿಮುಗಿಲು. ಅದು ಬೂದಿಯೂ ಅಲ್ಲ, ನೀಲಿಯೂ ಅಲ್ಲ, ಚಳಿಗಾಲದ ಬೆಳಗಿನ ಆಕಾಶದ ಹಾಗೆ ಇತ್ತಂತೆ. ಸುತ್ತ ಯಾವ ಊರಲ್ಲೂ ಆ ಬಣ್ಣ ಇರಲಿಲ್ಲ. ಅರ್ಧ ಬಣ್ಣಗಳು ತುಳಸವ್ವನ ಬಾಯಲ್ಲಿದ್ದವು. ಉಳಿದದ್ದಕ್ಕೆ ಪುಸ್ತಕವೇ ಗತಿ.

ಪುಸ್ತಕಕ್ಕೆ ಹುಳು ಹಿಡಿಯಿತು. ತುಳಸವ್ವ ಗಾಬರಿಯಾಗಿ ವಿರುಪಣ್ಣನ ಹತ್ತಿರ ಓಡಿದಳು. ಅವನು ಒಂದು ಮಳೆಗಾಲ ಪೂರ್ತಿ ಅವಳ ಪಡಸಾಲೆಯಲ್ಲಿ ಕೂತು, ಅವಳ ಕಂಪ್ಯೂಟರಿನಲ್ಲಿ ನಲವತ್ತೊಂದನ್ನೂ ಕನ್ನಡದಲ್ಲಿ ಟೈಪು ಮಾಡಿಕೊಟ್ಟ. ಆಮೇಲೆ ನಮ್ಮವರು ಮಾಡುವ ಕೆಲಸ ಮಾಡಿದರು. ಜೀರ್ಣವಾದ ಪುಸ್ತಕವನ್ನು ಮನೆಯಲ್ಲಿ ಇಡಬಾರದು, ಕಸಕ್ಕೆ ಹಾಕಬಾರದು, ನೀರಿಗೆ ಬಿಡಬೇಕು. ಆಯುಧಗಳಿಗೆ ಹೂವೇರಿಸುವ ಖಂಡೆಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ, ಪುಸ್ತಕವನ್ನು ಹೊಳೆಗೆ ಕೊಟ್ಟರು. ಸೊಂಟಮಟ್ಟ ನೀರಿಗಿಳಿದು ಬಿಟ್ಟುಬಂದವನು ವಿರುಪಣ್ಣನೇ. ಇನ್ನೇನು, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದ. ಎಲ್ಲರೂ ಹೌದು ಎಂದರು.

ಊರಿಗೆ ಇಂಟರ್ನೆಟ್ಟಿನ ತಂತಿ ಬಂತು. ಅಂದಿನಿಂದ ತುಳಸವ್ವನ ಕಂಪ್ಯೂಟರು ದಿನವೂ ಒಂದು ಪ್ರಶ್ನೆ ಕೇಳತೊಡಗಿತು. ಹೊಸದು ಬಂದಿದೆ, ಹಾಕಲೇ? ಕೆಳಗೆ ಎರಡು ಗುಂಡಿ. ಒಂದು ‘ಈಗ’, ಇನ್ನೊಂದು ‘ಆಮೇಲೆ’. ಅವಳು ದಿನವೂ ಆಮೇಲೆ ಎಂದಳು. ಹಬ್ಬದ ದಿನವೂ ಆಮೇಲೆ, ಜ್ವರ ಬಂದ ದಿನವೂ ಆಮೇಲೆ ಎಂದಳು. ಒಂದು ಮಧ್ಯಾಹ್ನ ಅವಳು ಹಿತ್ತಲಲ್ಲಿ ಹಂಡೆಯ ಮುಂದಿದ್ದಾಗ ಅದು ಕಾದು ಕಾದು ತಾನೇ ಹೂಂ ಎಂದುಕೊಂಡಿತು. ಹಳೆಯ ಪ್ರೋಗ್ರಾಮನ್ನು ಕಿತ್ತು ಹೊಸದನ್ನು ಕೂರಿಸಿತು. ಒಬ್ಬ ಹೆಂಗಸು ದಿನಾ ಆಮೇಲೆ, ಆಮೇಲೆ ಎನ್ನುತ್ತಿದ್ದರೆ ಅವಳಿಗೆ ಅದು ಬೇಡ ಎಂದು ಅರ್ಥವಾಗದಷ್ಟು ದಡ್ಡರೇ ಅದನ್ನು ಮಾಡಿದ ಕಂಪನಿಯವರು? ಅರ್ಥವಾಗಿತ್ತು. ಬೇಕೆಂದೇ ಮಾಡಿದರು. ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ತುಳಸವ್ವ ಕೈ ಒರೆಸಿಕೊಂಡು ಬಂದು ಮಾಗಿಮುಗಿಲಿನ ಪುಟ ತೆರೆದಳು. ಕನ್ನಡ ಇರಲಿಲ್ಲ. ಕೊಂಬು ಬಾಲ ಅಂಟಿಸಿದ ಇಂಗ್ಲಿಷಿನ ಅಕ್ಷರಗಳು, ಚುಕ್ಕಿ, ಗೀಟು, ಇರುವೆ ಸಾಲಿನ ಹಾಗೆ ಏನೇನೋ. ಹಳೆಯ ಪ್ರೋಗ್ರಾಮು ಕನ್ನಡವನ್ನು ತನ್ನದೇ ಗುರುತುಗಳಲ್ಲಿ ಬಚ್ಚಿಡುತ್ತಿತ್ತು, ಹೊಸದಕ್ಕೆ ಆ ಗುರುತು ಗೊತ್ತಿರಲಿಲ್ಲ. ಅವಳು ಹೆದರಿ ಏನೋ ಒತ್ತಿದಳು. ಪ್ರೋಗ್ರಾಮು ತನಗೆ ತಿಳಿಯದ್ದನ್ನೆಲ್ಲ ಅಳಿಸಿ, ಆ ಪುಟದ ತುಂಬ ಖಾಲಿ ಚೌಕಗಳನ್ನಿಟ್ಟು, ತಾನಾಗಿಯೇ ಸೇವ್ ಮಾಡಿತು.

ವಿರುಪಣ್ಣ ಓಡಿ ಬಂದು ತಂತಿ ಕಿತ್ತೆಸೆದ.

"ವಿರುಪಣ್ಣಾ, ನಮ್ಮ ಮಾವನ ಕೈಬರಹ ಹೊಳಿಗೆ ಕೊಟ್ಟೆ, ಈಗ ಇದೂ ಹೋತು," ಎಂದಳಂತೆ ತುಳಸವ್ವ. ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲವೇನೋ.

ಅದೇ ತಿಂಗಳು ಆ ಕಂಪನಿಯ ಸಾಹೇಬನೊಬ್ಬ ಹೊಸ ಪ್ರೋಗ್ರಾಮಿನ ಗುಣಗಾನ ಮಾಡಲು ಊರಿನ ಶಾಲೆಗೆ ಬಂದ. ಕಂಪನಿಯ ಹೆಸರು ನಮಗೆ ನೆನಪಿಲ್ಲ, ನೆನಪಿಡುವ ಯೋಗ್ಯತೆ ಅದಕ್ಕಿರಲಿಲ್ಲ. ವಿರುಪಣ್ಣ ಅಜ್ಜ ಹೊಡೆದ ರಟ್ಟಿನ ಮಾಲೆಯನ್ನು ಹೆಗಲಿಗೆ ಹಾಕಿಕೊಂಡು ಬಂದ. ಸಾಹೇಬನನ್ನು ಎದುರಿನ ಮನೆಯ ಮಗ್ಗಕ್ಕೆ ಕರೆದೊಯ್ದು, ಮಾಲೆ ಏರಿಸಿ, ಒಂದು ಗೇಣು ನೇಯಿಸಿ ತೋರಿಸಿದ. ಅಂಚಿನಲ್ಲಿ ಅಜ್ಜನ ಕಾಲದ ಹೂವು ಅರಳಿತು. ಅಜ್ಜ ಸತ್ತ, ಅವನ ಮಗ್ಗ ಮುರಿಯಿತು, ಅದರ ಮುಂದಿನ ಮಗ್ಗವೂ ಮುರಿಯಿತು, ಹೂವು ಮಾತ್ರ ಬರುತ್ತಿದೆ, ನೀವು ಮೊನ್ನೆ ಬರೆದದ್ದನ್ನು ಇವತ್ತು ಓದಲಾರಿರಾ ಎಂದು ಕೇಳಿದ. ಸಾಹೇಬ, ಹಳೆಯದರ ಜವಾಬ್ದಾರಿ ಕಂಪನಿಯದಲ್ಲ, ಕಾಲದ ಜೊತೆ ಹೋಗಬೇಕು ಎಂದ. ಎಂದು ನಕ್ಕನಂತೆ.

ಆ ನಗುವಿಗೆ ವಿರುಪಣ್ಣನ ಕಣ್ಣು ಕೆಂಡವಾಯಿತು.

"ಸಾಹೇಬ್ರ, ಇದರಾಗ ‘ಈಗ’ ಅಂತ ಒಂದು ಗುಂಡಿ ಐತಿ, ‘ಆಮ್ಯಾಲೆ’ ಅಂತ ಒಂದು ಐತಿ. ‘ಬ್ಯಾಡ’ ಅನ್ನೋ ಗುಂಡಿ ಎಲ್ಲೈತಿ? ತೋರಿಸ್ರಿ."

ಸಾಹೇಬ ತೋರಿಸಲಿಲ್ಲ. ಇದ್ದರೆ ತಾನೆ ತೋರಿಸುವುದು! ವಿರುಪಣ್ಣ ಅವನನ್ನು ಹೊಳೆಯವರೆಗೂ ಅಟ್ಟಿಸಿಕೊಂಡು ಹೋದ ಎನ್ನುವವರಿದ್ದಾರೆ, ಕಾರಿನೊಳಗೆ ಹಂಡೆಯ ನೀಲಿ ಸುರಿದ ಎನ್ನುವವರಿದ್ದಾರೆ. ಸುರಿದಿದ್ದರೆ ಒಳ್ಳೆಯದೇ ಆಗಿತ್ತು. ನಿಜವಾಗಿ ಆದದ್ದೆಂದರೆ, ಸಾಹೇಬ ಕಾರು ಹತ್ತಿ ಹೋದ, ವಿರುಪಣ್ಣ ಮನೆಗೆ ಬಂದು ಕೂತ. ಹೊಳೆಗೆ ಇಳಿದವನು ತಾನೇ ಎಂಬುದು ಅವನಿಗೆ ಮರೆತಿರಲಿಲ್ಲ. ಆಮೇಲಿನ ಬೈಗುಳದಲ್ಲಿ ಅರ್ಧ ಅವನು ತನಗೇ ಬೈದುಕೊಂಡದ್ದು.

ಮರುದಿನ ಉಳಿದ ನಲವತ್ತು ಪುಟಗಳ ಇರುವೆ ಸಾಲನ್ನು ದೊಡ್ಡದಾಗಿ ಕಾಗದದ ಮೇಲೆ ಇಳಿಸಿಕೊಂಡು ತುಳಸವ್ವನ ಮುಂದೆ ಕೂತ. ಬಾಯಿಪಾಠವಿದ್ದ ದಾಳಿಂಬೆಬೀಜದ ಪಾಕವನ್ನು ಹೇಳು ತಂಗಿ ಎಂದ. ಅವಳು ಹೇಳಿದಳು, ಅವನು ಒಂದೊಂದು ಗುರುತಿನ ಕೆಳಗೆ ಒಂದೊಂದು ಅಕ್ಷರ ಕೂರಿಸಿದ. ಇದು ‘ದ’, ಇದು ಅದರ ದೀರ್ಘ, ಇದು ‘ಳ’. ಹುಟ್ಟಿದಾಗಿನಿಂದ ತೂತು ಓದಿದವನಿಗೆ ಗುರುತು ಓದುವುದು ಎಷ್ಟರ ಕೆಲಸ? ಅವಳಿಗೆ ಗೊತ್ತಿದ್ದ ಬಣ್ಣಗಳಿಂದ ಎಲ್ಲ ಅಕ್ಷರ ಸಿಕ್ಕವು, ಆ ಅಕ್ಷರಗಳಿಂದ ಮರೆತ ಬಣ್ಣಗಳು ಬಂದವು. ಮೂರು ತಿಂಗಳು ಹಿಡಿಯಿತು. ಗಿಣಿಹಸಿರು ಬಂತು, ನವಿಲಗೊರಳು ಬಂತು. ಒಂದೊಂದು ಬಂದಾಗಲೂ ತುಳಸವ್ವ ಆ ಬಣ್ಣದಲ್ಲಿ ನೂಲಿನ ಒಂದು ಲಡಿ ಅದ್ದಿ ಅವನ ಬಾಗಿಲಿಗೆ ಕಟ್ಟುತ್ತಿದ್ದಳಂತೆ. ನಲವತ್ತು ಲಡಿಯಾದವು.

ನಲವತ್ತೊಂದನೆಯದು ಆಗಲಿಲ್ಲ. ಮಾಗಿಮುಗಿಲಿನ ಪುಟದಲ್ಲಿ ಬರೀ ಚೌಕ. ಎಲ್ಲ ಗುರುತೂ ಒಂದೇ ಆದಮೇಲೆ ಏನನ್ನು ಓದುವುದು? ವಿರುಪಣ್ಣ ವಾರಗಟ್ಟಲೆ ಆ ಚೌಕಗಳನ್ನು ಎಣಿಸಿದ. ತುಳಸವ್ವ ನೆನಪಿನಿಂದ ಹಂಡೆ ಮೇಲೆ ಹಂಡೆ ಇಟ್ಟಳು. ಬೂದಿ ಬಂತು, ನೀಲಿ ಬಂತು, ಅದು ಬರಲಿಲ್ಲ. ಕೊನೆಗೆ ಅವಳು ಬಣ್ಣವಿಲ್ಲದ ಬಿಳಿಯ ಲಡಿಯೊಂದನ್ನು ತಂದು ನಲವತ್ತರ ಪಕ್ಕ ಕಟ್ಟಿ ಹೋದಳು.

ಅವರಿಬ್ಬರೂ ಹೋಗಿ ಎಷ್ಟು ಕಾಲವಾಯಿತೋ. ಇಂದಿಗೂ ನಮ್ಮೂರಲ್ಲಿ ಖಂಡೆಪೂಜೆಯ ದಿನ ಕಂಪ್ಯೂಟರಿಗೆ ಹೂವು ಏರಿಸುವ ಮುಂಚೆ ತಂತಿ ಕೀಳುತ್ತಾರೆ. ಮನೆಯ ಹಿರಿಯರು ಅದರ ಮುಂದೆ ನಿಂತು ಮೂರು ಸಲ ಬೇಡ, ಬೇಡ, ಬೇಡ ಎಂದು ಜೋರಾಗಿ ಹೇಳುತ್ತಾರೆ. ಹೊರಗಿನವರು ನಗುತ್ತಾರೆ, ನಗಲಿ. ಆಮೇಲೆ ಮನೆಯವರೆಲ್ಲ ಒಳಗಿರುವುದರಲ್ಲಿ ಒಂದೊಂದು ಪುಟವನ್ನಾದರೂ ಕೈಯಲ್ಲಿ ಬರೆದು ಪೂಜೆಗಿಡುತ್ತಾರೆ. ಹಳೆಯ ಪುಸ್ತಕವನ್ನು ಈಗ ಯಾರೂ ಹೊಳೆಗೆ ಬಿಡುವುದಿಲ್ಲ, ಹುಳು ತಿಂದರೂ ತಿನ್ನಲಿ ಎಂದು ಇಟ್ಟುಕೊಳ್ಳುತ್ತಾರೆ.

ಇನ್ನು ನಿಮ್ಮ ತೊಡೆಯ ಮೇಲಿರುವ ಆ ಸೀರೆ. ಅಂಚಿನಲ್ಲಿ ಎಣಿಸಿ ನೋಡಿ. ನಲವತ್ತು ಬಣ್ಣದೆಳೆ ಆದಮೇಲೆ ಒಂದು ಬಿಳಿಯೆಳೆ ಬರುತ್ತದೆ. ಪೇಟೆಯವರು ಐಬು ಎನ್ನುತ್ತಾರೆ, ಅದನ್ನೂ ಅದ್ದಿಕೊಡಿ ಎನ್ನುತ್ತಾರೆ. ಈಗಲ್ಲ, ಆಮೇಲೆ ಎಂದು ಜಾರಿಕೊಳ್ಳಬೇಡಿ. ಬೇಡ ಎನ್ನಿ. ಅದು ಮಾಗಿಮುಗಿಲಿನ ಜಾಗ.