ಕುರಿಗಾಹಿ ಮುದುಕಿ ಹಿಮ ಅಗೆದದ್ದು

“ಗುರುಗಳೇ, ಅವಸರದ ಕೆಲಸ ಕೈಯಲ್ಲಿರುವಾಗ ನಿಂತು ಯೋಚಿಸುವುದು ಹೇಡಿತನವಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಹಿಮದ ಬೆಟ್ಟಗಳ ನಾಡಿನಲ್ಲಿ ಒಬ್ಬ ವೈದ್ಯನಿದ್ದ. ಬೆಟ್ಟದಾಚೆಯ ಊರಿನಿಂದ ಕುರಿ ಕಾಯುವ ಮುದುಕಿಯೊಬ್ಬಳು ಅವನನ್ನು ಹುಡುಕಿಕೊಂಡು ಬಂದಳು. ಅವಳ ಊರಿನ ಮಕ್ಕಳಿಗೆ ಗಂಟಲಮಾರಿ ತಗುಲಿತ್ತು. ಇಬ್ಬರು ತೀರಿಕೊಂಡಿದ್ದರು, ಆರು ಮಂದಿ ಹಾಸಿಗೆ ಹಿಡಿದಿದ್ದರು. ವೈದ್ಯ ಮದ್ದು ಕಟ್ಟಿಕೊಂಡು ಹೊರಡುವಷ್ಟರಲ್ಲಿ ಹಿಮ ಸುರಿಯತೊಡಗಿತು. ಮೂರು ದಿನ ಬಿಡಲೇ ಇಲ್ಲ. ಆ ಮೂರು ದಿನವೂ ವೈದ್ಯನಿಗೆ ಅನ್ನ ಸೇರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಬಿಸಿಲು ಬಂತು. ಇಬ್ಬರೂ ಹೊರಟರು. ಮುಂದೆ ಒಂದು ಕಡಿದಾದ ಇಳಿಜಾರು. ಅದನ್ನು ಅಡ್ಡ ಹಾಯ್ದರೆ ಒಂದು ತಾಸಿನಲ್ಲಿ ಊರು. ಬೆಟ್ಟದ ನೆತ್ತಿಯ ಏಣಿನ ಮೇಲೆ ಸುತ್ತಿ ಹೋದರೆ ಸಂಜೆಯಾಗುತ್ತದೆ. ವೈದ್ಯ ಇಳಿಜಾರಿನತ್ತ ತಿರುಗಿದ. ಮುದುಕಿ ಅವನ ತೋಳು ಹಿಡಿದು ನಿಲ್ಲಿಸಿದಳು. ಅಂಚಿನಲ್ಲೇ ಕೂತು ಹಿಮ ಅಗೆಯತೊಡಗಿದಳು.

ವೈದ್ಯನಿಗೆ ಸಿಟ್ಟು ತಡೆಯಲಾಗಲಿಲ್ಲ. “ಅಲ್ಲಿ ಮಕ್ಕಳಿಗೆ ಉಸಿರು ಕಟ್ಟುತ್ತಿದೆ, ನೀನಿಲ್ಲಿ ಗುಂಡಿ ತೋಡುತ್ತಿದ್ದೀಯಲ್ಲ ತಾಯಿ!”

“ಆ ಆರು ಮಂದಿಯಲ್ಲಿ ಒಬ್ಬಳು ನನ್ನ ಮೊಮ್ಮಗಳು, ವೈದ್ಯರೇ” ಎಂದಳು ಮುದುಕಿ. ಕೈ ಮಾತ್ರ ನಿಲ್ಲಿಸಲಿಲ್ಲ.

ಗುಂಡಿ ಸೊಂಟದಾಳವಾಯಿತು. ಅದರ ಗೋಡೆಯಲ್ಲಿ ಹಿಮದ ಪದರಗಳು ಕಂಡವು. ಮೇಲೆ ಗಾಳಿ ತಂದು ಒಟ್ಟಿದ ಹೊಸ ಹಿಮ, ಹಲಗೆಯಂತೆ ಗಟ್ಟಿ. ಅದರ ಕೆಳಗೆ ಒಂದಕ್ಕೊಂದು ಅಂಟದ ಹಳೆಯ ಹಿಮ, ರವೆಯಂತೆ ಬಿಡಿಬಿಡಿ. ಮುದುಕಿ ಆ ಗೋಡೆಯ ಒಂದು ತುಂಡನ್ನು ಮೂರು ಕಡೆ ಕೊಯ್ದು ಬಿಡಿಸಿ, ಅದರ ತಲೆಯ ಮೇಲೆ ಅಂಗೈಯಿಂದ ಮೆಲ್ಲನೆ ತಟ್ಟಿದಳು. ಎರಡನೆಯ ಪೆಟ್ಟಿಗೆ ಮೇಲಿನ ಹಲಗೆ ಇಡಿಯಾಗಿ ಜಾರಿ ಅವಳ ಮಡಿಲಿಗೆ ಬಿತ್ತು.

“ನನ್ನ ಕೈ ಭಾರವನ್ನೇ ಇದು ತಾಳಲಿಲ್ಲ. ನಾವು ಕಾಲಿಟ್ಟರೆ ಬೆಟ್ಟವೇ ಮೈಮೇಲೆ ಬರುತ್ತದೆ. ನಾವು ಸತ್ತರೆ ಇಬ್ಬರು, ನಿಮ್ಮ ಬೆನ್ನ ಮೇಲಿನ ಮದ್ದು ಹೂತುಹೋದರೆ ಇನ್ನೂ ಆರು ಮಂದಿ. ನಡೆಯಿರಿ, ಏಣಿನ ಮೇಲೆ ಹೋಗೋಣ” ಎಂದಳು.

ಅವಳ ದನಿಯಲ್ಲಿ ಅಳುಕಿರಲಿಲ್ಲ. ವೈದ್ಯ ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟ. ದಾರಿಯಲ್ಲಿ ಎಲ್ಲೂ ಕೂರಲಿಲ್ಲ, ಬುತ್ತಿ ಬಿಚ್ಚಲಿಲ್ಲ. ಹೊತ್ತು ಇಳಿಯುವಾಗ ಊರು ಮುಟ್ಟಿದರು. ಮೊಮ್ಮಗಳ ತುಟಿ ನೀಲಿಗಟ್ಟಿತ್ತು, ಉಸಿರು ಇತ್ತು. ಆರು ಮಕ್ಕಳೂ ಉಳಿದರು.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆ ಇಳಿಜಾರು ಕೊನೆಗೆ ಕುಸಿಯಿತೇ, ಗುರುಗಳೇ?” ಎಂದು ಕೇಳಿದ.

“ಅದನ್ನು ಕಾದು ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ” ಎಂದರು ಗುರುಗಳು.