ಗೋಡೆಯ ಮೇಲಿನ ಸೋರೆಬೀಜ

ಒಂದು ಆಶ್ರಮ. ಪಕ್ಕದಲ್ಲಿ ಹೊಳೆ. ಆಶ್ರಮದ ಅಡುಗೆಮನೆಯ ಹಿಂದಿನ ಮಣ್ಣುಗೋಡೆಯ ಮೇಲೆ ಒಂದು ಕೈಯ ಅಚ್ಚು. ಐದೂ ಬೆರಳು ಸ್ಪಷ್ಟ. ಬೆಳಿಗ್ಗೆ ಇತ್ತು, ಮಧ್ಯಾಹ್ನಕ್ಕೆ ಇರಲಿಲ್ಲ. ಏನಾಗಿರಬಹುದು, ಹೇಳಿ ನೋಡೋಣ.

ಮಳೆ ಬಂತು ಅಂತೀರಾ? ಮಾಘಮಾಸದಲ್ಲಿ ಎಲ್ಲಿಯ ಮಳೆ. ಹಸು ಬಂದು ಮೈ ಉಜ್ಜಿತು ಅಂತೀರಾ? ಹಸು ಗೂಟದಲ್ಲೇ ಇತ್ತು. ಯಾರೋ ಆಗದವರು ಅಳಿಸಿದರು ಅಂತೀರಾ? ಆ ಕೈ ಬಡಿಸಿದ್ದನ್ನು ಉಂಡವರೇ ಸುತ್ತಮುತ್ತ ಎಲ್ಲ. ಆಗದವರು ಯಾರಿದ್ದಾರು.

ಇರಲಿ, ಮೊದಲಿಂದಲೇ ಹೇಳುತ್ತೇನೆ.

ಗುರುಗಳ ಹೆಸರು ತಿಪ್ಪೇರುದ್ರಯ್ಯ. ಸಂಸಾರಸ್ಥ ಗುರು. ಮಡದಿ ಹಂಪಮ್ಮ. ಶಿಷ್ಯರು ಬರುತ್ತಿದ್ದರು, ಕಲಿತು ಹೋಗುತ್ತಿದ್ದರು. ಹೋಗದೆ ಉಳಿದವನು ಓಬಳೇಶ ಒಬ್ಬನೇ. ಇವನೇಕೆ ಉಳಿದ ಅಂತ ಯಾರಾದರೂ ಕೇಳಿದರೆ ಉತ್ತರ ಕೊಡುತ್ತಿದ್ದವರು ಹಂಪಮ್ಮ.

"ಅವನು ಗುರುಗಳ ಮಾತಿಗೆ ಉಳಿದಿಲ್ಲ ಕಣ್ರಪ್ಪಾ. ನನ್ನ ಸಾರಿಗೆ ಉಳಿದಿದಾನೆ."

ಗುರುಗಳು ನಗುತ್ತಿದ್ದರು. "ನಾನೂ ಅದಕ್ಕೇ ಉಳಿದಿರೋದು" ಅನ್ನುತ್ತಿದ್ದರು.

ಆ ಹಂಪಮ್ಮ ಮಾರ್ಗಶಿರದ ಚಳಿಯಲ್ಲಿ ಮಲಗಿದವರು ಏಳಲಿಲ್ಲ.

ಆಮೇಲೆ ಆಶ್ರಮದಲ್ಲಿ ಇಬ್ಬರೇ. ಓಬಳೇಶ ಸಾರು ಮಾಡುತ್ತಿದ್ದ. ಗುರುಗಳು ಉಣ್ಣುತ್ತಿದ್ದರು. ಹೇಗಿದೆ ಅಂತ ಅವನು ಕೇಳುತ್ತಿರಲಿಲ್ಲ, ಇವರು ಹೇಳುತ್ತಿರಲಿಲ್ಲ.

ಮಾಘ ಬಂತು. ವಸಂತದ ತರಕಾರಿಗೆ ಮಡಿ ಮಾಡಬೇಕಾದ ಹೊತ್ತು. ಓಬಳೇಶ ಕಡ್ಡಿ ಹಿಡಿದು ಅಂಗಳದ ಮಣ್ಣಿನ ಮೇಲೆ ಗೆರೆ ಎಳೆದ.

"ಗುರುಗಳೇ, ಈ ಸಲ ತೋಟ ಸರಳ ಮಾಡೋಣ ಅಂತಿದೀನಿ."

"ಒಳ್ಳೇದು. ಹೇಗೆ?"

"ನಾಲ್ಕೇ ಮಡಿ. ಇದು ದಂಟು. ಇದು ಮೆಂತ್ಯ. ಆ ಕಡೆ ಬದನೆ, ಬೆಂಡೆ. ಇರೋರು ಇಬ್ಬರು. ಸಾಕಲ್ಲ."

"ಧಾರಾಳ ಸಾಕು. ಸೋರೆ?"

ಕಡ್ಡಿ ನಿಂತಿತು.

"ಸೋರೆ ಬೇಡ ಗುರುಗಳೇ. ಬಳ್ಳಿ ನೋಡಿಕೊಳ್ಳೋದು ಕಷ್ಟ."

"ಓಹೋ."

ಗುರುಗಳು ಕುಕ್ಕರಗಾಲಲ್ಲಿ ಕೂತು ಗೆರೆಗಳನ್ನು ನೋಡಿದರು.

"ಬದನೆಗೆ ಹುಳ ಬೀಳುತ್ತೆ. ದಿನಾ ಕೂತು ಆರಿಸಬೇಕು. ಅದು ಉಳೀತು."

"ಹೌದು."

"ಬೆಂಡೆ ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ನಾರಾಗುತ್ತೆ. ಅದೂ ಉಳೀತು."

ಓಬಳೇಶ ಬೆಂಡೆಯ ಗೆರೆಯನ್ನೇ ಮತ್ತೊಮ್ಮೆ ತಿದ್ದಿದ.

"ಸೋರೆ, ಹಾಕಿ ಮರೆತರೂ ಚಾವಣಿ ಹತ್ತಿ ಕಾಯಿ ಬಿಡುತ್ತೆ. ಅದು ಹೋಯ್ತು. ಇದು ಯಾವೂರ ಸರಳವಪ್ಪಾ ಓಬಳೇಶ?"

ಇಲ್ಲಿ ಸ್ವಲ್ಪ ತಡೆದು ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬದನೆ, ಬೆಂಡೆ, ಸೊಪ್ಪುಗಳ ಬೀಜವನ್ನು ಆ ಆಶ್ರಮದಲ್ಲಿ ಬೂದಿ ಬೆರೆಸಿ ಮಡಕೆಯಲ್ಲಿ ಇಡುತ್ತಿದ್ದರು. ಸೋರೆಬೀಜಕ್ಕೆ ಕ್ರಮವೇ ಬೇರೆ. ಹಸಿ ಸಗಣಿಯಲ್ಲಿ ಬೀಜ ಒತ್ತಿ, ಬೆರಣಿಯ ಹಾಗೆ ಗೋಡೆಗೆ ತಟ್ಟುವುದು. ಒಣಗಿದ ಮೇಲೆ ಹುಳ ಮುಟ್ಟುವುದಿಲ್ಲ. ಬಿತ್ತುವ ಹೊತ್ತಿಗೆ ಆ ಬೆರಣಿ ಕಿತ್ತು ನೀರಿಗೆ ಹಾಕಿದರೆ ಸಗಣಿ ಕರಗುತ್ತದೆ, ಬೀಜ ಬಿಡುತ್ತದೆ.

ಆ ಸೋರೆಯ ತಳಿ ಹಂಪಮ್ಮ ಮದುವೆಯಾಗಿ ಬರುವಾಗ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಂದದ್ದು. ಅವರ ತವರಿನಲ್ಲೂ ಈಗ ಅದು ಇಲ್ಲ. ಬೇರೆ ವರ್ಷಗಳಲ್ಲಿ ಗೋಡೆ ತುಂಬ ಬೆರಣಿ ತಟ್ಟುತ್ತಿದ್ದರು. ಕಳೆದ ಕಾರ್ತಿಕದಲ್ಲಿ ಕೈಲಾಗಲಿಲ್ಲ. ಒಂದೇ ಒಂದು ತಟ್ಟಿ, ಗೋಡೆ ಹಿಡಿದುಕೊಂಡೇ ಒಳಗೆ ಹೋಗಿ ಮಲಗಿದರು. ಆ ಒಂದು ಬೆರಣಿಯ ಮೇಲೆ ಅವರ ಬಲಗೈ ಅಚ್ಚಾಗಿ ಉಳಿದಿತ್ತು.

ಈಗ ತಿಳಿಯಿತಲ್ಲ, ಓಬಳೇಶನ ಸರಳ ಎಂಥದ್ದು ಅಂತ. ಗುರುಗಳಿಗೂ ತಿಳಿಯಿತು.

"ಸೋರೆಬೀಜ ಎಲ್ಲಿದೆ?" ಅಂದರು.

"ಗೋಡೆ ಮೇಲೆ."

"ಮುಂಗಾರು ಹಿಡಿದರೆ ಆ ಗೋಡೆ?"

"ನೆನೆಯುತ್ತೆ."

"ಬೀಜ?"

"ಕೊಳೆಯುತ್ತೆ."

"ಕೈ?"

ಓಬಳೇಶ ಕಡ್ಡಿಯನ್ನು ಎರಡಾಗಿ ಮುರಿದ.

"ತೆಂಗಿನ ಗರಿ ಹೊದಿಸ್ತೀನಿ ಗುರುಗಳೇ. ಒಂದು ಹನಿ ಬೀಳದ ಹಾಗೆ ಹೊದಿಸ್ತೀನಿ."

"ಎಷ್ಟು ವರ್ಷ?"

"ನಾನಿರೋವರೆಗೂ."

"ಬೀಜ ಅಷ್ಟು ವರ್ಷ ಕಾಯುತ್ತಾ?"

"ಬೀಜ ಹೋದರೆ ಹೋಗಲಿ ಬಿಡಿ."

ಗುರುಗಳ ಮುಂದೆ ಅವನು ಹಾಗೆ ದನಿ ಏರಿಸಿದ್ದು ಅದೇ ಮೊದಲು. ತಾನೇ ಬೆಚ್ಚಿ ತಲೆ ತಗ್ಗಿಸಿದ.

"ನನಗೋಸ್ಕರ ಅಲ್ಲ ಗುರುಗಳೇ," ಅಂದ, ಮೆಲ್ಲಗೆ. "ನಿಮಗೋಸ್ಕರ. ದಿನಾ ಬೆಳಿಗ್ಗೆ ನೀವು ಹಿಂದುಗಡೆ ಹೋಗ್ತೀರಿ. ಆ ಬೆರಣಿ ಮೇಲೆ ಕೈ ಇಟ್ಟು ನಿಲ್ತೀರಿ. ನಾನು ನೋಡಿದೀನಿ."

ಗುರುಗಳು ಹೊಳೆಯ ಕಡೆ ತಿರುಗಿದರು. ಅಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು.

"ನೀನೂ ಇಟ್ಟಿದ್ಯಾ ಕೈ?"

"ಇಟ್ಟಿದ್ದೆ."

"ಹೊಂದಿತಾ?"

"ಇಲ್ಲ. ಅಮ್ಮನ ಕೈ ಚಿಕ್ಕದು."

"ನನಗೂ ಹೊಂದಲಿಲ್ಲ," ಅಂದರು ಗುರುಗಳು. "ಇಷ್ಟು ವರ್ಷ ಆ ಕೈಯಿಂದ ಉಂಡೆ. ಇಷ್ಟು ಚಿಕ್ಕದು ಅಂತ ಗೊತ್ತೇ ಇರಲಿಲ್ಲ."

ಆಮೇಲೆ ಎದ್ದರು. ಮೂಲೆಯಲ್ಲಿದ್ದ ತಮ್ಮ ನೀರಿನ ಬುರುಡೆ ತೆಗೆದುಕೊಂಡರು. ಅದೂ ಅದೇ ಬಳ್ಳಿಯದು, ಬಲಿತ ಕಾಯಿ ಒಣಗಿಸಿ ಹಂಪಮ್ಮ ಮಾಡಿಕೊಟ್ಟದ್ದು.

"ಬೋಗುಣಿ ತಗೊಂಡು ಬಾ."

ಓಬಳೇಶ ತಂದ. ಇಬ್ಬರೂ ಅಡುಗೆಮನೆಯ ಹಿಂದೆ ಹೋದರು. ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ಅಚ್ಚಿನ ಹೆಬ್ಬೆರಳು ಬೇರೆ ಬೆರಳುಗಳಿಗಿಂತ ಆಳ. ತಟ್ಟುವಾಗ ಒತ್ತಿ ಹಿಡಿದಿರಬೇಕು.

"ಕೀಳು," ಅಂದರು ಗುರುಗಳು.

"ನನ್ನ ಕೈಲಿ ಆಗಲ್ಲ."

"ಯಾಕೆ?"

"ನೀವೇ ಕೀಳಿ ಗುರುಗಳೇ. ನೀವು ಎಲ್ಲಾ ಬಿಟ್ಟೋರು."

ಗುರುಗಳು ನಕ್ಕರು. ಹಂಪಮ್ಮ ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಗು ಅರ್ಧದಲ್ಲೇ ನಿಂತಿತು.

"ನಾನು ದಿನಾ ಬೆಳಿಗ್ಗೆ ಇಲ್ಲಿ ಕೈ ಇಡೋಕೆ ಬರ್ತಿದ್ದೆ ಅಂದುಕೊಂಡ್ಯಾ?"

"ಮತ್ತೆ?"

"ಕೀಳೋಕೆ ಬರ್ತಿದ್ದೆ ಕಣಪ್ಪಾ. ಮಾಘ ಹುಟ್ಟಿದಾಗಿಂದ ಬರ್ತಿದೀನಿ. ಬರೋದು, ಕೈ ಚಾಚೋದು, ಚಾಚಿದ ಕೈ ಅಲ್ಲೇ ಇಟ್ಟು ವಾಪಸ್ಸು ಹೋಗೋದು. ಬಿತ್ತೋ ಹೊತ್ತು ಮೀರ್ತಾ ಇದೆ."

ಓಬಳೇಶ ಗುರುಗಳ ಮುಖ ನೋಡಿದ. ಅಷ್ಟು ಮುದುಕರಾದದ್ದು ಅವನಿಗೆ ಕಂಡಿರಲಿಲ್ಲ.

"ಅಮ್ಮ ಹೇಗೆ ಕೀಳ್ತಿದ್ರು?" ಅಂದ.

"ನೀನೇ ನೋಡಿಲ್ವಾ? ಅದೇನೋ ಗೊಣಗಿಕೊಂಡು, ಸರಕ್ಕಂತ ಕಿತ್ತು ನೀರಿಗೆ ಎಸೀತಿದ್ದಳು. ವರ್ಷಾ ವರ್ಷಾ ತನ್ನ ಕೈ ತಾನೇ ನೀರಿಗೆ ಹಾಕಿ ಕರಗಿಸಿದಾಳೆ. ನಾವು ಒಂದು ದಿನ ಅಯ್ಯೋ ಅಂದೆವಾ?"

"ಇಲ್ಲ. ಆಗ ಅಮ್ಮ ಇದ್ರು."

"ಹೌದು," ಅಂದರು ಗುರುಗಳು. "ಇದ್ದಳು."

ಇಬ್ಬರೂ ನಿಂತೇ ಇದ್ದರು. ಹಸು ಒಮ್ಮೆ ಕೂಗಿತು.

ಕೊನೆಗೆ ಗುರುಗಳು ಬೆರಣಿಯ ಒಂದು ಅಂಚಿಗೆ ಉಗುರು ಹಾಕಿದರು. ಅದು ಅಲುಗಲಿಲ್ಲ. ಓಬಳೇಶ ಇನ್ನೊಂದು ಅಂಚಿಗೆ ಬೆರಳು ತೂರಿಸಿದ. ಬೆರಣಿ ಗೋಡೆಯ ಸ್ವಲ್ಪ ಮಣ್ಣನ್ನೂ ಹಿಡಿದುಕೊಂಡು ಇಡಿಯಾಗಿ ಬಂತು.

ಬೋಗುಣಿಯಲ್ಲಿ ಇಟ್ಟರು, ಅಚ್ಚು ಮೇಲಾಗಿ.

ಗುರುಗಳು ಬುರುಡೆ ಬಗ್ಗಿಸಿದರು. ನೀರು ಮೊದಲು ಅಂಗೈಯ ಗುಳಿಯಲ್ಲಿ ನಿಂತಿತು. ಆಮೇಲೆ ಬೆರಳುಗಳಲ್ಲಿ ಹರಿಯಿತು. ಕಿರುಬೆರಳು ಮೊದಲು ಹೋಯಿತು. ಹೆಬ್ಬೆರಳು ಬಹಳ ಹೊತ್ತು ಉಳಿಯಿತು.

ಓಬಳೇಶ ಗೋಡೆಯ ಕಡೆ ತಿರುಗಿ ನಿಂತ. ಗುರುಗಳು ತಿರುಗಲಿಲ್ಲ. ಆ ಕಲಕಿದ ನೀರಿನೊಳಗೆ ಕೈ ಹಾಕಿ, ಹಾಕಿದ ಕೈ ತೆಗೆಯದೆ ಕೂತರು.

"ಗುರುಗಳೇ, ಬೀಜ ಸಿಕ್ತಾ?"

"ಇರು. ಹುಡುಕ್ತಿದೀನಿ."

ಹುಡುಕಬೇಕಾದದ್ದೇನೂ ಇರಲಿಲ್ಲ. ಬೀಜ ಆಗಲೇ ಬಿಟ್ಟಿದ್ದವು, ಅವರ ಬೆರಳಿಗೆ ತಾಗುತ್ತಲೇ ಇದ್ದವು. ಓಬಳೇಶನಿಗೂ ಅದು ಗೊತ್ತು. ಅವನು ಮತ್ತೆ ಕೇಳಲಿಲ್ಲ.

ಹೊತ್ತು ನೆತ್ತಿಗೆ ಬಂದಾಗ ಗುರುಗಳು ಕೈ ಎತ್ತಿದರು. ಅಡುಗೆಮನೆಯ ಮಗ್ಗುಲಲ್ಲಿ, ಹಂಪಮ್ಮ ಪ್ರತಿ ವರ್ಷ ಹಾಕುತ್ತಿದ್ದ ಜಾಗದಲ್ಲೇ, ಓಬಳೇಶ ಗುಣಿ ತೆಗೆದ. ಗುರುಗಳು ಬೀಜ ಇಟ್ಟರು. ಸಗಣಿಯ ನೀರನ್ನು ಒಂದು ತೊಟ್ಟೂ ಉಳಿಸದೆ ಅದರ ಮೇಲೆ ಸುರಿದರು.

"ತೋಟ ಈಗಲೂ ಸರಳವಾಗೇ ಇದೆ," ಅಂದರು. "ನಾಲ್ಕು ಮಡಿ, ಒಂದು ಬಳ್ಳಿ."

ಇನ್ನೊಂದು ಕೆಲಸ ಬಾಕಿ ಇತ್ತು. ಬೀಜ ಹಾಕಿದ ದಿನವನ್ನು ಗುಣಿಯ ಮೇಲಿನ ಗೋಡೆಗೆ ಇದ್ದಿಲಲ್ಲಿ ಬರೆಯುವುದು ಹಂಪಮ್ಮನ ರೂಢಿ. ಕಾಯಿ ಯಾವಾಗ ಬಂದೀತು ಅಂತ ಲೆಕ್ಕ ಹಿಡಿಯುವುದಕ್ಕೆ. ಹೋದ ವರ್ಷದ ಬರಹ ಮಸುಕಾಗಿ ಇನ್ನೂ ಅಲ್ಲೇ ಇತ್ತು.

ಗುರುಗಳು ಒಲೆಯಿಂದ ಇದ್ದಿಲು ತಂದು ಶಿಷ್ಯನ ಕೈಗೆ ಕೊಟ್ಟರು. ಅವನು ಕೈ ಎತ್ತಿದ, ಬರೆಯಲಿಲ್ಲ.

"ಗುರುಗಳೇ, ಅಮ್ಮ ಹೋಗಿ ಇವತ್ತಿಗೆ ಸರಿಯಾಗಿ ಎರಡು ತಿಂಗಳು."

"ಗೊತ್ತು."

"ಮತ್ತೆ ಏನಂತ ಬರೀಲಿ?"

ಗುರುಗಳು ಒದ್ದೆ ಮಣ್ಣನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರು.

"ಸೋರೆ ಹಾಕಿದ ದಿನ ಅಂತ ಬರಿ. ಮಾಘ ಬಹುಳ ತದಿಗೆ, ಬುಧವಾರ."